ಒಂದು ದಿನ ಹಿರಿಯಳಾದ ಎಕ್ಕೆ

ಮೊಣಕಾಲು ನೋವಿಗೆ ಎಕ್ಕೆಯ ಎಲೆಗೆ ಹರಳೆಣ್ಣೆ ಸವರಿ, ಹಂಚಿನ ಮೇಲೆ ಬೆಚ್ಚಗೆ ಮಾಡಿ ಕಟ್ಟಿಕೊಂಡರೆ ಆರಾಮಾಗುತ್ತದೆ ಎಂದು ಹೋದ ತಿಂಗಳು ನೆರೆಮನೆಯಾಕೆ ನಾಲ್ಕೈದು ಎಲೆ ಕಿತ್ತು ತಂದುಕೊಟ್ಟಳು. ದಪ್ಪ ಎಲೆಗಳು, ಮೇಲೆ ಬೂದಿ ಉದುರಿಸಿದಂಥ ಬಿಳುಪು, ತೊಟ್ಟಿನ ತುದಿಯಲ್ಲಿ ಇನ್ನೂ ಹಾಲು ಜಿನುಗುತ್ತಿತ್ತು. ಹಂಚು ಕಾದು ಎಲೆ ಬಾಡತೊಡಗಿದಾಗ ಕಹಿ ವಾಸನೆ ಎದ್ದಿತು. ಒಲೆ ಆರಿಸಿ ಎಲೆಗಳನ್ನು ಹಿತ್ತಲಿಗೆ ಎಸೆದು, ಕೈಯನ್ನು ಎರಡು ಸಲ ಸಾಬೂನು ಹಚ್ಚಿ ತೊಳೆದುಕೊಂಡೆ. ಆಕೆ ಸಂಜೆ ಕೇಳಿದಾಗ ಸುಮ್ಮನೆ ನಕ್ಕೆ. ಕಾರಣ ಹೇಳಬೇಕೆಂದರೆ ಇಡೀ ಒಂದು ವರ್ಷದ ಸಂಗತಿ ಹೇಳಬೇಕಾಗುತ್ತಿತ್ತು.

ಎಂಬತ್ತರ ದಶಕ ಮುಗಿಯುತ್ತ ಬಂದ ಕಾಲ. ನಾನು ಚಿಕ್ಕೋಡಿಯಲ್ಲಿ ಪಿಯುಸಿ ಮೊದಲ ವರ್ಷ ಓದುತ್ತಿದ್ದೆ. ನಮ್ಮೂರು ಬೇಡಕಿಹಾಳದ ಹತ್ತಿರ. ಅಪ್ಪನಿಗೆ ಸ್ವಲ್ಪ ಕಬ್ಬು, ಸ್ವಲ್ಪ ತಂಬಾಕು. ಮನೆಯಲ್ಲಿ ನಾವಿಬ್ಬರೇ ಹೆಣ್ಣುಮಕ್ಕಳು. ನಾನು ಮಂಗಲಾ, ಅಕ್ಕ ಸುಮಿತ್ರಾ ನನಗಿಂತ ಏಳು ವರ್ಷ ದೊಡ್ಡವಳು. ಅವಳಿಗೆ ಎರಡು ವರ್ಷದ ಹಿಂದೆ ನಿಪ್ಪಾಣಿ ಕಡೆಯ ಒಬ್ಬ ಹುಡುಗನ ಜೊತೆ ನಿಶ್ಚಯವಾಗಿತ್ತು. ಲಗ್ನಕ್ಕೆ ಇಪ್ಪತ್ತು ದಿನ ಇದ್ದಾಗ ಅವನ ಮೋಟಾರ್ ಸೈಕಲ್ಲು ಕಬ್ಬಿನ ಬಂಡಿಗೆ ಬಡಿದು ಅವನು ತೀರಿಕೊಂಡ. ಅವನ ಮುಖವನ್ನು ಅಕ್ಕ ನೋಡಿದ್ದು ಒಂದೇ ಸಲ, ಅದೂ ಚಹಾದ ಕಪ್ಪು ಕೊಡುವಾಗ. ಆದರೆ ಅವಳ ಕಾಲ್ಗುಣ ಸರಿಯಿಲ್ಲ ಎಂಬ ಮಾತು ಊರೂರು ತಿರುಗಿತು. ಆಮೇಲೆ ರಾಯಬಾಗದಿಂದ, ಕಾಗವಾಡದಿಂದ ಹೆಣ್ಣು ನೋಡಲು ಬಂದವರೆಲ್ಲ ಆ ವಿಷಯ ಕೇಳಿ, ಅವಲಕ್ಕಿ ತಿಂದು ಎದ್ದು ಹೋದರು.

ಹಾಗಿರುವಾಗ ಉಗಾರ ಬುದ್ರುಕದಾಚೆಯ ಒಂದು ಹಳ್ಳಿಯಿಂದ ರಾವಸಾಬ ಎಂಬವರ ಸಂಬಂಧ ಬಂತು. ಅವರ ಮನೆಯವರು ಈಗಲೂ ಅಲ್ಲೇ ಇದ್ದಾರೆ, ಊರಿನ ಹೆಸರು ಬರೆಯುವುದಿಲ್ಲ. ನದಿ ದಂಡೆಯ ಕಪ್ಪು ನೆಲ, ಕಬ್ಬು, ಎರಡೆಕರೆ ದ್ರಾಕ್ಷಿ. ವಯಸ್ಸು ಮೂವತ್ತನಾಲ್ಕು. ಇಬ್ಬರು ಹೆಂಡಂದಿರು ತೀರಿಹೋಗಿದ್ದರು, ಇಬ್ಬರೂ ಹೆರಿಗೆಯಲ್ಲಿ. ಮಕ್ಕಳೂ ಉಳಿದಿರಲಿಲ್ಲ.

ಅವ್ವ ಕೇಳಿದೊಡನೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಸಂಬಂಧ ತಂದ ಅಪ್ಪನ ದೂರದ ಅಣ್ಣ ಒಳಮನೆಗೂ ಕೇಳುವಂತೆ ಹೇಳಿದ: “ಹೆದರಬ್ಯಾಡ್ರಿ. ಮೂರನೇ ಲಗ್ನಾ ಎಕ್ಕಿ ಗಿಡದ ಜೋಡಿ ಮಾಡ್ತಾರ. ನಿಮ್ಮ ಹುಡುಗಿ ನಾಕನೇದಾಕಿ ಆಗ್ತಾಳ. ಮೂರನೇದಾಕಿಗಿ ಬರೂ ಗಂಡಾಂತರ ಗಿಡಕ್ಕ ಹೋಗತೈತಿ. ಗಿಡಾ ಒಣಗತೈತಿ, ನಿಮ್ಮ ಮಗಳು ಬಾಳತಾಳ.”

ಅಪ್ಪ ಎರಡು ದಿನ ಉಣ್ಣಲಷ್ಟೇ ಹೊಲದಿಂದ ಮನೆಗೆ ಬಂದ. ಮೂರನೆಯ ದಿನ ಅಕ್ಕ ತಾನೇ ಅವನ ಮುಂದೆ ಹೋಗಿ ನಿಂತಳು. “ಹೂಂ ಅನ್ರಿ ಅಪ್ಪಾ. ಅವರಿಗಿ ಯಾರೂ ಕೊಡೂದಿಲ್ಲ, ನನ್ನ ಯಾರೂ ಮಾಡ್ಕೊಳ್ಳೂದಿಲ್ಲ. ಮತ್ತೇನ ನೋಡಾಕತ್ತೀರಿ?” ಅಪ್ಪ ಅವಳ ಮುಖ ನೋಡಲಾಗದೆ ಅಂಗಳದಲ್ಲಿ ಹರವಿದ್ದ ತಂಬಾಕಿನ ಎಲೆ ಹೊರಳಿಸುತ್ತ ಕೂತ.

ತುಳಸಿ ಲಗ್ನ ಮುಗಿದ ಮೇಲೆ, ಚಳಿಗಾಲದಲ್ಲಿ, ಗಂಡಿನ ಊರಲ್ಲೇ ಮದುವೆ. ಹಿಂದಿನ ದಿನವೇ ನಾವು ಒಂದು ಟೆಂಪೊದಲ್ಲಿ ಹೋಗಿ ಇಳಿದೆವು. ಅವತ್ತು ಮಧ್ಯಾಹ್ನ ಎಕ್ಕೆಯ ಲಗ್ನವಿತ್ತು. ಹೆಣ್ಣಾದವಳು ಅದನ್ನು ನೋಡಬಾರದೆಂದು ಅಕ್ಕನನ್ನು ಒಳಗೆ ಕೂರಿಸಿದರು. ನಾನು ಹೆಂಗಸರ ಗುಂಪಿನಲ್ಲಿ ಸೇರಿ ಹೊಲಕ್ಕೆ ಹೋದೆ.

ಅವರ ಹೊಲದ ಮೂಲೆಯಲ್ಲಿ, ಬದುವಿನ ಮೇಲೆ, ಅರ್ಧ ನೆಲದಲ್ಲಿ ಹೂತ ಒಂದು ಹಳೆಯ ಕಲ್ಲಿತ್ತು. ಕಂಬದಿಂದ ಹೊರಟ ಹೆಣ್ಣಿನ ಒಂದು ತೋಳು, ಮೇಲಕ್ಕೆತ್ತಿದ ಅಂಗೈ, ಮಣಿಕಟ್ಟಿನ ತುಂಬ ಬಳೆ, ಮೇಲೆ ಸೂರ್ಯ ಚಂದ್ರ. ಊರವರು ಅದಕ್ಕೆ ಬಾಳವ್ವನ ಕಲ್ಲು ಎನ್ನುತ್ತಿದ್ದರು. ಅದರ ಪಕ್ಕದಲ್ಲೇ ಸೊಂಟದೆತ್ತರದ ಎಕ್ಕೆ ಗಿಡ. ಅಕ್ಕನ ಅತ್ತೆ ಕೃಷ್ಣಾಬಾಯಿ ಗಿಡಕ್ಕೆ ಅರಿಸಿನ ಹಚ್ಚುತ್ತ ನಮ್ಮ ಅವ್ವನಿಗೆ ಅದರ ಕಥೆ ಹೇಳಿದರು.

“ನಮ್ಮ ಮನೀ ಹಿರ್ಯಾಗೂ ಹಿಂಗಽ ಎರಡ ಹೆಂಡ್ರು ಹ್ವಾದ್ರು. ಮೂರನೇದಾಕಿ ಬಾಳವ್ವನ ದಿಬ್ಬಣದ ಗಾಡಿ ಇಲ್ಲಿಗಿ ಬಂದಾಗ ಎತ್ತು ಮುಂದ ಹೆಜ್ಜಿ ಇಡಲಿಲ್ಲ. ಆಗ ಇಲ್ಲಿದ್ದ ಎಕ್ಕಿ ಮಾತಾಡ್ತಂತ. ಮೊದಲ ನನ್ನ ಮಾಡ್ಕೋರಿ, ಆಮ್ಯಾಲ ಆಕಿನ್ನ ಕರಕೊಂಡ ಹೋಗ್ರಿ ಅಂತು. ಗಿಡಕ್ಕ ತಾಳಿ ಕಟ್ಟಿದ್ರು. ಗಾಡಿ ಮನಿ ಮುಟ್ಟೂದ್ರಾಗ ಗಿಡಾ ಕರ್ರಗಾಗಿ ಬಿದ್ದಿತ್ತು. ಬಾಳವ್ವ ಮೊಮ್ಮಕ್ಕಳನ್ನ ಆಡಿಸಿ ಸತ್ಲು. ಸಾಯೂವಾಗ ಎಲ್ಲಾರಿಗೂ ಕೈ ಎತ್ತಿ ಹರಸಿದ್ಲು. ಅದಽ ಕೈ ನೋಡ್ರಿ ಇದು. ಬರೇ ಗಿಡಾ ಅಂತ ತಿಳೀಬ್ಯಾಡ್ರಿ, ನಮ್ಮ ಮನೀ ಸೊಸಿ ಇದು.”

ಅವ್ವ ಆ ಕಲ್ಲಿನ ಕೈಗೆ ಹಣೆ ಹಚ್ಚಿ ನಮಸ್ಕಾರ ಮಾಡಿದಳು.

ಹಸಿರು ಖಣ ಸುತ್ತಿದ ಗಿಡದ ಮುಂದೆ ರಾವಸಾಬ ಮಾಮಾ ಬಂದು ನಿಂತರು. ಅಕ್ಕನ ಗಂಡನನ್ನು ನಾವು ಮಾಮಾ ಎಂದೇ ಕರೆಯುತ್ತಿದ್ದೆವು. ಗಿಡ ಗಿಡ್ಡವಿದ್ದುದರಿಂದ ತಾಳಿ ಕಟ್ಟಲು ಅವರು ಮಂಡಿಯೂರಿ ಕೂರಬೇಕಾಯಿತು. ಟೊಂಗೆಯ ಮೇಲಿನ ಇರುವೆಗಳು ಕೈಗೆ ಹತ್ತಿದವು. ಅವರು ಒರೆಸಿಕೊಳ್ಳಲಿಲ್ಲ. ನಾವು ಅಕ್ಷತೆ ಹಾಕಿದೆವು. ಯಾರೋ ಹುಡುಗಿ ಕಿಸಕ್ಕೆಂದು ನಕ್ಕಳು, ಅವಳ ತಾಯಿ ಅವಳ ತೋಳು ಚಿವುಟಿದಳು. ಮಾಮಾ ತಲೆ ಎತ್ತದೆ ಎದ್ದು ಮನೆಯ ಕಡೆ ನಡೆದರು. ಆ ಮನುಷ್ಯನ ಮೇಲೆ ಸಿಟ್ಟು ಇಟ್ಟುಕೊಂಡೇ ನಾನು ಹೋಗಿದ್ದೆ. ಅವರ ಬೆನ್ನು ನೋಡಿ ಆ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಮರುದಿನ ಅಕ್ಕನ ಲಗ್ನವಾಯಿತು. ಗಿಡ ಬಾಡಿದ ಸುದ್ದಿ ಬರಬೇಕೆಂದು ಅವ್ವ ದಿನಾ ಕಾದಳು. ವಾರವಾಯಿತು, ತಿಂಗಳಾಯಿತು. ಸುದ್ದಿ ಬರಲಿಲ್ಲ. ಶಿವರಾತ್ರಿ ಹೊತ್ತಿಗೆ ಬಂದ ಸುದ್ದಿಯೆಂದರೆ ಅಕ್ಕನಿಗೆ ದಿನ ನಿಂತಿವೆ ಎಂಬುದು.

ಪರೀಕ್ಷೆ ಮುಗಿಸಿಕೊಂಡು ಬೇಸಿಗೆಯಲ್ಲಿ ನಾನು ಅಕ್ಕನ ಮನೆಗೆ ಹೋದೆ. ಬಾವಿಯ ನೀರು ತಳ ಕಂಡಿತ್ತು. ಬದುವಿನ ಹುಲ್ಲು ಸುಟ್ಟು ಬೂದಿಯ ಬಣ್ಣವಾಗಿತ್ತು, ಬೇವು ಸಹ ಬಾಡಿ ನಿಂತಿತ್ತು. ಆ ಬಿಸಿಲಲ್ಲಿ ಎಕ್ಕೆ ಎದೆಯೆತ್ತರ ಬೆಳೆದು, ಗೊಂಚಲು ಗೊಂಚಲು ಹೂ ಬಿಟ್ಟು ನಿಂತಿತ್ತು. ಕರಿಮಣಿಯ ದಾರ ಬಿಗಿಯಾಗಿ ಕಾಂಡದೊಳಗೆ ಇಳಿದಿತ್ತು. ಯಾವ ನೀರೂ ಬೇಡದ ಗಿಡಕ್ಕೆ ಅಕ್ಕ ದಿನಾ ಸಂಜೆ ಒಂದು ತಂಬಿಗೆ ನೀರು ಹಾಕುತ್ತಿದ್ದಳು.

“ಒಣಗಬೇಕಾದ ಗಿಡಕ್ಕ ನೀರ ಯಾಕ ಹಾಕ್ತಿ?” ಎಂದೆ.

“ಮಂಗಲಾ, ಇಕಿ ನನಗಿಂತ ಒಂದ ದಿನ ಹಿರೇಕಿ,” ಎಂದಳು ಅಕ್ಕ. ತಮಾಷೆ ಮಾಡುತ್ತಿದ್ದಾಳೆಂದುಕೊಂಡೆ, ಮುಖ ನೋಡಿದರೆ ಹಾಗಿರಲಿಲ್ಲ. “ಇಕಿ ಸಾಯಲಿ ಅಂತ ಈ ಮನ್ಯಾಗ ಎಲ್ಲಾರೂ ದಾರಿ ಕಾಯಾಕತ್ತಾರ. ಇಕೀ ಏನ ತಪ್ಪ ಮಾಡ್ಯಾಳ? ನಾ ಒಬ್ಬಾಕೀರೆ ನೀರ ಕೊಡಬಾರದೇನ?”

ನಾನು ಅವಳಿಗೆ ಧೈರ್ಯ ತುಂಬಬೇಕೆಂದು ನನಗೆ ಗೊತ್ತಿದ್ದ ವಿದ್ಯೆಯನ್ನು ಬಿಚ್ಚಿದೆ. ಆ ಕಲ್ಲಿನ ಚಿತ್ರ ಬರೆದುಕೊಂಡು ಹೋಗಿ ನಮ್ಮ ಇತಿಹಾಸದ ಮೇಷ್ಟ್ರಿಗೆ ತೋರಿಸಿದ್ದೆ. ಅದು ಮಾಸ್ತಿಕಲ್ಲು, ಗಂಡನ ಚಿತೆಯಲ್ಲಿ ಸುಟ್ಟುಹೋದ ಹೆಂಗಸಿನ ಗುರುತು ಎಂದು ಅವರು ಹೇಳಿದ್ದರು. ಬಾಳವ್ವ ಎನ್ನುವವಳು ಇರಲಿಕ್ಕಿಲ್ಲ, ಎಕ್ಕೆ ಮಾತಾಡಿರಲಿಕ್ಕೂ ಇಲ್ಲ, ಆದ್ದರಿಂದ ಹೆದರುವ ಕಾರಣವಿಲ್ಲ ಎಂದು ವಿವರಿಸಿದೆ. ಅಕ್ಕ ಕಲ್ಲಿನ ಬಳೆಗಳ ಮೇಲೆ ಬೆರಳಾಡಿಸುತ್ತ ಎಲ್ಲ ಕೇಳಿಸಿಕೊಂಡಳು.

“ಹಂಗಾರ ಬಾಳಿದಾಕಿ ಅಂತ ಒಬ್ಬಾಕೀನೂ ಇಲ್ಲ ಅಂದಂಗಾತು,” ಎಂದಳು. “ಇದನ್ನ ಇಲ್ಲಿ ಯಾರಿಗೂ ಹೇಳಬ್ಯಾಡ. ಅವ್ವಗ ಅಂತೂ ಹೇಳಲೇಬ್ಯಾಡ.”

ಮಳೆಗಾಲ ಶುರುವಾಯಿತು. ಮೊದಲ ಹೆರಿಗೆ ತವರಿನಲ್ಲಾಗುವುದು ನಮ್ಮ ಕಡೆಯ ಪದ್ಧತಿ. ಅಕ್ಕನನ್ನು ಕರೆತರಲು ಅಪ್ಪ ಎರಡು ಸಲ ಹೋಗಿ ಬರಿಗೈಯಲ್ಲಿ ಬಂದ. ಗಿಡ ಒಣಗುವ ತನಕ ಸೊಸೆ ಊರ ಸೀಮೆ ದಾಟಬಾರದು, ದಾಟಿದರೆ ಗಿಡದ ಕಾವಲು ತಪ್ಪುತ್ತದೆ ಎಂದು ಅವಳ ಅತ್ತೆ ಹೇಳಿದ್ದರು. ಆಕೆ ಕೆಟ್ಟ ಹೆಂಗಸಾಗಿರಲಿಲ್ಲ. ಅಕ್ಕನಿಗೆ ದಿನಾ ತಾವೇ ತುಪ್ಪ ಹಾಕಿ ಉಣಿಸುತ್ತಿದ್ದರು, ಭಾರ ಎತ್ತಲು ಬಿಡುತ್ತಿರಲಿಲ್ಲ. ಇಬ್ಬರು ಸೊಸೆಯರ ಹೆಣ ಆ ಹೊಸ್ತಿಲು ದಾಟಿದ್ದನ್ನು ನೋಡಿದ್ದ ಅವರ ಕೈಯಲ್ಲಿ ಹಿಡಿದುಕೊಳ್ಳಲು ಆ ಒಂದು ಕಥೆ ಬಿಟ್ಟು ಬೇರೇನೂ ಇರಲಿಲ್ಲ.

ಅಕ್ಕನಿಗೆ ಎಂಟನೆಯ ತಿಂಗಳು ಬಿದ್ದಾಗ ಅವ್ವ ತಡೆಯಲಾಗದೆ ತಾನೇ ಹೊರಟಳು. ಕಾಲೇಜು ಬಿಟ್ಟು ನಾನೂ ಜೊತೆಗೆ ಹೋದೆ. ಕುಡಚಿಯ ಸೇತುವೆಯ ಮೇಲೆ ರೈಲು ದಾಟುವಾಗ ಕೆಳಗೆ ಕೃಷ್ಣೆ ಮಣ್ಣಿನ ಬಣ್ಣದಲ್ಲಿ, ಎರಡೂ ದಂಡೆಯ ಕಬ್ಬಿನೊಳಗೆ ನುಗ್ಗಿ ಹರಿಯುತ್ತಿತ್ತು. ಡಬ್ಬಿಯಲ್ಲಿದ್ದವರೆಲ್ಲ ಮಾತು ನಿಲ್ಲಿಸಿ ಕಿಟಕಿಯ ಕಡೆ ನೋಡುತ್ತ ಕುಳಿತಿದ್ದರು.

ಅಕ್ಕನನ್ನು ಕಂಡೊಡನೆ ನನಗೆ ಗಾಬರಿಯಾಯಿತು. ಅವಳ ಮುಖ ಬೇರೆ ಯಾರದ್ದೋ ಮುಖದಂತೆ ಊದಿತ್ತು. ಕಾಲುಂಗುರ ಮಾಂಸದಲ್ಲಿ ಹೂತುಹೋಗಿದ್ದವು. ತಲೆ ಸಿಡಿಯುತ್ತದೆ, ಕಣ್ಣ ಮುಂದೆ ಕಿಡಿ ಹಾರುತ್ತವೆ ಎಂದಳು. ದವಾಖಾನೆಗೆ ತೋರಿಸೋಣ ಎಂದು ನಾನು ಹೇಳಿದ್ದಕ್ಕೆ ಅತ್ತೆ, “ಬಸರ ಹೆಣ್ಣಮಕ್ಕಳ ಕಾಲ ಬಾಯೂದು ಹೊಸಾದೇನ ತಂಗಿ?” ಎಂದರು. ಅವ್ವ ನನ್ನ ಕಡೆ ನೋಡಿದಳು, ಅವರ ಕಡೆ ನೋಡಿದಳು. ಮಗಳ ಮನೆಯಲ್ಲಿ ನಿಂತು ಜೋರು ಮಾತಾಡುವ ಅಧಿಕಾರ ಅವಳಿಗಿದೆಯೆಂದು ಅವಳಿಗೆ ಅನ್ನಿಸಲಿಲ್ಲ. ನನಗಂತೂ ಹದಿನೇಳು ವರ್ಷ. ನಾನು ಮೂರು ಸಲ ಹೇಳಿದೆ. ನಾಲ್ಕನೆಯ ಸಲ ಹೇಳಲಿಲ್ಲ. ಅದನ್ನು ಇವತ್ತಿಗೂ ನೆನೆಯುತ್ತೇನೆ.

ನಾವು ಹೋದ ಮೂರನೆಯ ದಿನ ಊರಿನಿಂದ ಉಗಾರದ ರಸ್ತೆಗೆ ಹೋಗುವ ದಾರಿಯ ಹಳ್ಳ ತುಂಬಿತು. ನದಿಯ ನೀರು ಹಳ್ಳದೊಳಕ್ಕೆ ಹಿಮ್ಮುಖವಾಗಿ ಏರುತ್ತಿತ್ತು. ಅವತ್ತೇ, ಮಧ್ಯಾಹ್ನದ ಊಟಕ್ಕೆ ತಾಟು ಹಾಕುತ್ತಿದ್ದಾಗ, ಅಕ್ಕ ಗೋಡೆಗೆ ಒರಗಿ ಕೂತಲ್ಲೇ ಪಕ್ಕಕ್ಕೆ ವಾಲಿದಳು. ಕೈಕಾಲು ಸೆಟೆದವು, ಕಣ್ಣು ಮೇಲೆ ಹೋದವು, ಬಾಯಿಂದ ನೊರೆ ಬಂತು.

“ಬಂದ್ರು,” ಎಂದರು ಅತ್ತೆ. “ಸತ್ತ ಇಬ್ಬರೂ ಬಂದಾರ. ಎರಡನೇದಾಕೀನೂ ಹಿಂಗಽ ಮಾಡಿದ್ಲು. ಗಿಡಾ ಹೊತ್ಕೊಳ್ಳಲಿಲ್ಲ.” ಅವರು ನಿವಾಳಿಸಲು ಲಿಂಬೆಹಣ್ಣು ಹುಡುಕುತ್ತ ಅಡಿಗೆಮನೆಗೆ ಓಡಿದರು.

ಗಿಡ ಎಂಬ ಮಾತು ಕೇಳಿದ್ದೇ ಅವ್ವ ಎದ್ದಳು. ದನದ ಕೊಟ್ಟಿಗೆಯ ಗೋಡೆಗೆ ಸಿಕ್ಕಿಸಿದ್ದ ಕುಡಗೋಲು, ಮೂಲೆಯ ಗುದ್ದಲಿ ಎರಡನ್ನೂ ತೆಗೆದುಕೊಂಡು ಮಳೆಯಲ್ಲಿ ಹೊಲದ ಕಡೆ ಓಡಿದಳು. ಹಿಂದಿನಿಂದ ನಾನು ಕೂಗಿದೆ. ಅವಳು ತಿರುಗಿ ನೋಡಲಿಲ್ಲ. ಅಕ್ಕನನ್ನು ಬಿಟ್ಟು ನಾನು ಅವಳ ಹಿಂದೆ ಓಡುವಂತಿರಲಿಲ್ಲ.

ಮಾಮಾ ಬಾಗಿಲಲ್ಲಿ ನಿಂತಿದ್ದರು. “ಗಾಡಿ ತರ್ರಿ ಮಾಮಾ,” ಎಂದೆ. “ಹಳ್ಳ ತುಂಬೈತಿ,” ಎಂದರು. “ತುಂಬಿದ್ರೂ ತರ್ರಿ,” ಎಂದೆ. “ಹಳ್ಳ ತುಂಬೈತಿ,” ಎಂದು ಮತ್ತೆ ಅದನ್ನೇ ಹೇಳಿದರು. ಅವರ ಕೈ ಬಾಗಿಲ ಚೌಕಟ್ಟನ್ನು ಬಿಡಲೊಲ್ಲದು. ಲಿಂಬೆಹಣ್ಣು ಹಿಡಿದು ಬಂದ ಅತ್ತೆಯ ತೊಡೆಯ ಮೇಲೆ ಅಕ್ಕನ ತಲೆಯನ್ನಿಟ್ಟು ನಾನೇ ಹೊರಗೆ ಓಡಿದೆ.

ಎರಡು ಮನೆ ಆಚೆ ಬಾಬಾಲಾಲ ಎಂಬವನಿದ್ದ. ಹಂಗಾಮಿನಲ್ಲಿ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಅವನದು. ನನ್ನ ಮಾತು ಪೂರ್ತಿ ಕೇಳಿಸಿಕೊಳ್ಳದೆಯೇ ಚಪ್ಪಲಿ ಮೆಟ್ಟಿದ. ಟ್ರೇಲರಿನಲ್ಲಿ ಕಬ್ಬಿನ ಒಣ ಎಲೆಯ ರವದಿ ಹಾಸಿ, ಮೇಲೆ ಅವನ ಹೆಂಡತಿ ತನ್ನ ಮನೆಯ ಕೌದಿ ಹಾಸಿದಳು. ಅವನೇ ಬಂದು ಮಾಮಾನ ಭುಜ ಹಿಡಿದು ಅಲುಗಿಸಿದ. “ರಾವಸಾಬ, ಹಳ್ಳದಾಗ ರಸ್ತಾ ಎಲ್ಲೈತಿ ನಿನಗ ಗೊತ್ತ. ನೀ ಮುಂದ ನಡಿ, ನಾ ನಿನ್ನ ಬೆನ್ನ ಹಿಂದ ಬರ್ತೀನಿ.” ಯಾರೋ ದಾರಿ ತೋರಿಸಿದ ಹಾಗೆ ಮಾಮಾ ಚೌಕಟ್ಟು ಬಿಟ್ಟರು.

ಅಕ್ಕನನ್ನು ಟ್ರೇಲರಿಗೆ ಹತ್ತಿಸುವಾಗ ಅವ್ವ ಬಂದಳು. ಮೈಯೆಲ್ಲ ಕೆಸರು, ಸೆರಗಿನ ತುದಿ ಒಂದು ಕಣ್ಣಿಗೆ ಒತ್ತಿಕೊಂಡಿದ್ದಳು. “ಕಿತ್ತ ಒಗದ್ನಿ. ಬೇರಸೈತ ಕಿತ್ತ ಒಗದ್ನಿ,” ಎಂದಳು. ಹಿಂದಿನ ಗಾಲಿಯ ಮೇಲೆ ಕಾಲಿಟ್ಟು ತಾನೇ ಹತ್ತಿ ಅಕ್ಕನ ಕಾಲು ತೊಡೆಯ ಮೇಲೆ ಇಟ್ಟುಕೊಂಡಳು.

ಹಳ್ಳದಲ್ಲಿ ನೀರು ಮಾಮಾನ ಸೊಂಟದ ತನಕ ಇತ್ತು. ಅವರು ಒಂದು ಕೋಲಿನಿಂದ ನೆಲ ತಡವುತ್ತ ಹೆಜ್ಜೆ ಇಡುತ್ತಿದ್ದರು. ಟ್ರ್ಯಾಕ್ಟರ್ ಅವರ ಹಿಂದೆ ಆಮೆಯಂತೆ ಬರುತ್ತಿತ್ತು. ಒಮ್ಮೆ ಒಂದು ಗಾಲಿ ರಸ್ತೆಯ ಅಂಚಿನಿಂದ ಜಾರಿ ಟ್ರೇಲರ್ ವಾಲಿತು. ಬಾಬಾಲಾಲ ಏನೂ ಮಾತಾಡದೆ ಅದನ್ನು ಮೇಲೆ ತಂದ. ನಾನು ಅಕ್ಕನ ಮುಖಕ್ಕೆ ಕೊಡೆ ಹಿಡಿದಿದ್ದೆ. ದಾರಿಯಲ್ಲಿ ಅವಳಿಗೆ ಇನ್ನೊಂದು ಸಲ ಫಿಟ್ಸ್ ಬಂತು. ಉಗಾರದ ಸ್ಟೇಶನ್ನಿನಲ್ಲಿ ಪ್ಯಾಸೆಂಜರ್ ಗಾಡಿ ತಡವಾಗಿದ್ದುದೇ ನಮಗೆ ಒಳ್ಳೆಯದಾಯಿತು. ಗಾರ್ಡ್ ತನ್ನ ಡಬ್ಬಿಯಲ್ಲೇ ಅಕ್ಕನನ್ನು ಮಲಗಿಸಿಕೊಂಡ. ಹೊತ್ತು ಮುಳುಗುವ ಮೊದಲು ಮಿರಜಿನ ಒಂದು ದವಾಖಾನೆಯಲ್ಲಿದ್ದೆವು.

ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಹೆಣ್ಣು, ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣದು, ಆದರೆ ಅಳುವ ಶಕ್ತಿಯಿತ್ತು. ಅಕ್ಕನಿಗೆ ಎರಡು ದಿನ ಎಚ್ಚರವಿರಲಿಲ್ಲ. ಮೂರನೆಯ ದಿನ ಕಣ್ಣು ಬಿಟ್ಟಳು.

ಅವಳು ಕಣ್ಣು ಬಿಡುವ ಮುಂಚೆ ಒಂದು ಬೆಳಿಗ್ಗೆ ಡಾಕ್ಟರು ಹೊರಗೆ ಬಂದು ಮಾಮಾನನ್ನು ಕೇಳಿದರು. ನಾನು ಪಕ್ಕದಲ್ಲೇ ಇದ್ದೆ.

“ಮೊದಲನೇ ಹೆಂಡತಿಗಿ ಏನಾಗಿತ್ತ್ರಿ?”

“ಹಡದ ಮ್ಯಾಲ ರಕ್ತಾ ನಿಲ್ಲಲಿಲ್ರಿ. ಮುಂಜಾನಿಂದ ಸಂಜೀ ಮಟಾ ಹೋತ್ರಿ.”

“ಎರಡನೇದವರಿಗಿ?”

“ಹಿಂಗಽ ಆಗಿತ್ರಿ. ಮಾರಿ ಬಾತಿತ್ತು, ಕೈಕಾಲ ಸೆಟದ್ವು. ಎರಡ ದಿನಾ ಇದ್ಲ್ರಿ.”

“ಎರಡ ದಿನಾ ಏನ ಮಾಡಿದ್ರಿ?”

“ಲಿಂಬಿಹಣ್ಣ ಇಳಿಸಿದಿವ್ರಿ,” ಎಂದರು ಮಾಮಾ.

ಡಾಕ್ಟರು ಬೈಯಲಿಲ್ಲ. ವಯಸ್ಸಾದ ಮನುಷ್ಯ, ಇಂಥವರನ್ನು ಎಷ್ಟೋ ಜನ ನೋಡಿದ್ದಿರಬೇಕು. “ಇಲ್ಲಿಗಿ ತಂದಿದ್ರ ಇಬ್ಬರೂ ಉಳೀತಿದ್ರು,” ಎಂದಷ್ಟೇ ಹೇಳಿ ಮುಂದಿನ ವಾರ್ಡಿಗೆ ಹೋದರು. ಮಾಮಾ ಗೋಡೆಗೆ ಬೆನ್ನು ಹಚ್ಚಿ ಹಾಗೆಯೇ ಕೆಳಗೆ ಜಾರಿ ಕೂತರು. ಜನ ಅವರ ಕಾಲು ದಾಟಿ ಓಡಾಡುತ್ತಿದ್ದರು. ಕುಡಿಯಲು ನೀರು ತಂದುಕೊಟ್ಟೆ, ಲೋಟ ಹಿಡಿದುಕೊಂಡೇ ಕೂತಿದ್ದರು.

ಈ ಗದ್ದಲದಲ್ಲಿ ಅವ್ವನ ಕಣ್ಣನ್ನು ಯಾರೂ ನೋಡಲಿಲ್ಲ. ಅವಳು ಸೆರಗು ಒತ್ತಿಕೊಂಡು ಕೂತಿದ್ದರೆ ಅಳುತ್ತಿದ್ದಾಳೆಂದೇ ನಾನು ಭಾವಿಸಿದ್ದೆ. ಎರಡನೆಯ ದಿನ ಸೆರಗು ಸರಿಸಿದಾಗ ರೆಪ್ಪೆ ಬಾತು, ಕೀವು ಸೋರುತ್ತಿತ್ತು. ಗಿಡದ ಟೊಂಗೆ ಕತ್ತರಿಸಿದರೆ ಸಾಲದು, ಬೇರು ಉಳಿದರೆ ಚಿಗಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕೆಸರಲ್ಲಿ ಮಂಡಿಯೂರಿ ಬುಡ ಅಗೆದು ಎರಡೂ ಕೈಯಿಂದ ಜಗ್ಗಿದ್ದಳು. ಬುಡ ಸೀಳಿ ಹಾಲು ಕಣ್ಣಿಗೆ ಸಿಡಿದಿತ್ತು. ಹಾಲು ಮೆತ್ತಿದ, ಮಣ್ಣಾದ ಅದೇ ಕೈಯಿಂದ ಕಣ್ಣು ತಿಕ್ಕಿಕೊಂಡು ಮತ್ತೆ ಜಗ್ಗಿದ್ದಳು. ಕಣ್ಣಿನ ಡಾಕ್ಟರು ದೀಪ ಹಿಡಿದು ನೋಡಿ, ಅವತ್ತೇ ಚೆನ್ನಾಗಿ ನೀರಿನಿಂದ ತೊಳೆದು ಔಷಧ ಹಾಕಿದ್ದರೆ ಉಳಿಯುತ್ತಿತ್ತು ಎಂದರು. ಅವ್ವನಿಗೆ ಅದು ಕೇಳಿಸಿತೋ ಇಲ್ಲವೋ. “ಮಗಳು ಹ್ಯಾಂಗದಾಳ್ರಿ?” ಎಂದು ಅವರನ್ನೇ ಕೇಳಿದಳು. ಆ ಕಣ್ಣಿನ ಮೇಲೆ ಬಿಳಿ ಪೊರೆ ಬೆಳೆಯಿತು. ಮುಂದೆ ಅದರಲ್ಲಿ ಅವಳಿಗೆ ಏನೂ ಕಾಣಲಿಲ್ಲ.

ಗಣಪತಿ ಹಬ್ಬದ ಹೊತ್ತಿಗೆ ಅಕ್ಕ, ಮಗು ನಮ್ಮ ಮನೆಗೆ ಬಂದರು. ಅಷ್ಟರಲ್ಲಿ ಸುದ್ದಿ ನಮಗಿಂತ ಮೊದಲೇ ಬಂದಿತ್ತು. ಎಕ್ಕೆ ಹೋಯಿತು, ಜೀವ ಉಳಿಯಿತು. ತಾಯಿ ತನ್ನ ಕೈಯಿಂದಲೇ ಗಿಡ ಕಿತ್ತು ಮಗಳ ಸಾವನ್ನು ಅದಕ್ಕೆ ಒಪ್ಪಿಸಿದಳು. ಗಿಡ ಹೋಗುವಾಗ ಒಂದು ಕಣ್ಣು ತೆಗೆದುಕೊಂಡು ಹೋಯಿತು. ಅಕ್ಕನ ಅತ್ತೆ ಗಿಡ ಕಿತ್ತಿದ್ದಕ್ಕೆ ಮೊದಲು ಸಿಟ್ಟಾಗಿದ್ದರಂತೆ, ಆಮೇಲೆ ಅವರೂ ಬಂದವರ ಮುಂದೆ ಹೀಗೆಯೇ ಹೇಳತೊಡಗಿದರು. ಬಾಳವ್ವನ ಕಲ್ಲಿನ ಕಥೆಗೆ ನಮ್ಮ ಅವ್ವ ಸೇರಿಕೊಂಡಳು. ಬೇಡಕಿಹಾಳದ ಸಂತೆಯಲ್ಲಿ ಗುರುತಿಲ್ಲದ ಹೆಂಗಸರು ಬಂದು ಅವಳ ಕೈ ಮುಟ್ಟಿ ಹೋಗುತ್ತಿದ್ದರು. ಅವಳು ನಾಚಿಕೊಂಡು, ಆದರೆ ಬೆನ್ನು ನೇರ ಮಾಡಿಕೊಂಡು ನಿಲ್ಲುತ್ತಿದ್ದಳು. ಮೊದಲು ಸತ್ತ ಇಬ್ಬರಿಗೆ ಏನಾಗಿತ್ತು ಎಂದು ಯಾರೂ ಕೇಳಲಿಲ್ಲ. ಮಿರಜಿನ ಡಾಕ್ಟರು ಹೇಳಿದ್ದನ್ನು ಮಾಮಾ ತಮ್ಮ ತಾಯಿಗೆ ಹೇಳಲಿಲ್ಲ.

ಸಂಕ್ರಮಣ ಮುಗಿದ ಮೇಲೆ ಮಾಮಾ ಅಕ್ಕನನ್ನು ಕರೆದೊಯ್ಯಲು ಬಂದರು. ಹೋಗಬೇಡ ಎಂದು ನಾನು ಅಕ್ಕನಿಗೆ ಹೇಳಿದೆ. ಅವಳು ಮಗುವಿನ ತಲೆಗೆ ಕುಂಚಿಗೆ ಕಟ್ಟುತ್ತಿದ್ದಳು.

“ಇಲ್ಲಿ ಎಷ್ಟ ದಿನಾ ಇರಲಿ? ನಾಳೆ ನಿನ್ನ ನೋಡಾಕ ಬಂದವರು ನನ್ನ ನೋಡಿ ಹೊಳ್ಳಿ ಹೋಗ್ತಾರ.”

“ನನಗೇನೂ ಆಗೂದಿಲ್ಲ.”

“ಅವರು ಆಣಿ ಮಾಡ್ಯಾರ, ಮುಂದ ಏನಽ ಇದ್ರೂ ಮಿರಜಿಗಿ ಒಯ್ತೀನಿ ಅಂತ. ದವಾಖಾನ್ಯಾಗ ನನ್ನ ಮುಂದ ಕುಂತ ಅತ್ತ್ರು ಮಂಗಲಾ. ಆ ಇಬ್ಬರ ಹೆಸರ ಹೇಳಿದ್ರು. ಮೊದಲನೇಕಿ ಇಂದುಬಾಯಿ, ಎರಡನೇಕಿ ಅಕ್ಕಾತಾಯಿ. ಆ ಮನ್ಯಾಗ ಅವರ ಹೆಸರ ತಗೊಂಡ್ರ ಬರ್ತಾರ ಅಂತ ಯಾರೂ ತಗೊಳ್ಳೂದಿಲ್ಲ. ನೀ ನೆನಪಿಟ್ಕೋ. ಹೊರಗ ಒಬ್ಬರಿಗರೆ ಗೊತ್ತಿರಲಿ.”

ಬಸ್ಸು ಬಂದಾಗ ಮಾಮಾ ಮಗುವನ್ನು ತಾವೇ ಎತ್ತಿಕೊಂಡರು. ಅವರು ಆಣೆ ಉಳಿಸಿಕೊಂಡರು. ಮೂರು ವರ್ಷದ ಮೇಲೆ ಅಕ್ಕ ಮಿರಜಿನಲ್ಲೇ ಒಬ್ಬ ಮಗನನ್ನು ಹೆತ್ತಳು, ಈಗಲೂ ಅದೇ ಮನೆಯಲ್ಲಿದ್ದಾಳೆ. ಆದರೆ ಅವತ್ತು ನನಗೆ ಇದೊಂದೂ ಗೊತ್ತಿರಲಿಲ್ಲ. ಬಸ್ಸಿನ ಧೂಳು ಇಳಿಯುವ ತನಕ ಅಪ್ಪನ ಪಕ್ಕದಲ್ಲಿ ನಿಂತಿದ್ದೆ, ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಮನೆಗೆ ಬಂದೆವು.

ಎರಡನೆಯ ವರ್ಷದ ಪರೀಕ್ಷೆ ಮುಗಿದ ಮೇಲೆ ನಾಲ್ಕು ದಿನ ಅಕ್ಕನ ಮನೆಗೆ ಹೋದೆ. ಅಕ್ಕ ಗಟ್ಟಿಯಾಗಿದ್ದಳು, ಮಗು ಹೊಟ್ಟೆಯ ಮೇಲೆ ತೆವಳುತ್ತಿತ್ತು. ಒಂದು ಸಂಜೆ ಹೊಲಕ್ಕೆ ಹೋದಾಗ ಕಂಡೆ: ಕಲ್ಲಿನ ಬುಡದಲ್ಲಿ, ಅವ್ವ ಅಗೆದ ಅದೇ ಗುಂಡಿಯ ಅಂಚಿನಿಂದ, ಎಕ್ಕೆ ಮತ್ತೆ ಚಿಗಿತು ಮೊಣಕಾಲೆತ್ತರ ಬಂದಿತ್ತು. ನೆಲದೊಳಗೆ ಎಲ್ಲೋ ಒಂದು ಬೇರು ಉಳಿದಿತ್ತು.

ಊರಿಗೆ ಬಂದ ಮೇಲೆ ಅದು ನನ್ನ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ನನಗೆ ಹದಿನೆಂಟು ತುಂಬಿತ್ತು, ಓದಿದ ಸೊಕ್ಕಿತ್ತು, ಸತ್ತ ಇಬ್ಬರ ಮೇಲಿನ ಅನ್ಯಾಯ ಮನಸ್ಸಿನಲ್ಲಿ ಕುದಿಯುತ್ತಿತ್ತು. ಅವ್ವ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕಾಣುವ ಕಣ್ಣನ್ನು ಮೊರದ ಹತ್ತಿರ ತಂದು, ತಲೆ ಓರೆ ಮಾಡಿಕೊಂಡು ಹರಳು ಆರಿಸುತ್ತಿದ್ದಳು. ನಾನು ಎದುರು ಕೂತು ಎಲ್ಲ ಹೇಳಿಬಿಟ್ಟೆ. ಅಕ್ಕನನ್ನು ಉಳಿಸಿದ್ದು ಡಾಕ್ಟರು, ಅವರ ಇಂಜೆಕ್ಷನ್ನು, ಬಾಬಾಲಾಲನ ಟ್ರ್ಯಾಕ್ಟರು. ಗಿಡಕ್ಕೂ ಅದಕ್ಕೂ ಸಂಬಂಧವಿಲ್ಲ. ಬೇಕಾದರೆ ಹೋಗಿ ನೋಡು, ಆ ಗಿಡ ಸತ್ತೇ ಇಲ್ಲ, ಮತ್ತೆ ಬೆಳೆದು ನಿಂತಿದೆ, ಅಕ್ಕನೂ ಆರಾಮಾಗಿದ್ದಾಳೆ. ಆ ಇಬ್ಬರನ್ನೂ ದವಾಖಾನೆಗೆ ಒಯ್ದಿದ್ದರೆ ಅವರೂ ಇರುತ್ತಿದ್ದರು.

ಅವ್ವನ ಕೈ ನಿಂತಿತು. ಅವಳು ನನ್ನ ಮುಖ ಕಾಣುವಂತೆ ಕತ್ತು ತಿರುಗಿಸಿದಳು. ಸಿಟ್ಟಿರಲಿಲ್ಲ. ಲೆಕ್ಕ ಬಾರದ ಮಗು ಮೇಷ್ಟ್ರನ್ನು ನೋಡುವ ಹಾಗೆ ನೋಡಿದಳು.

“ಹಂಗಾರ ನನ್ನ ಕಣ್ಣ ಎದಕ್ಕ ಹೋತ ಮಂಗಲಾ?”

ಹೊರಗೆ ಅಪ್ಪ ಎತ್ತಿಗೆ ನೀರು ಕುಡಿಸುವ ಸಪ್ಪಳ ಕೇಳುತ್ತಿತ್ತು. ಅವಳು ಕಾಯುತ್ತಿದ್ದಳು.

“ನಾ ಸರಿ ನೋಡಿಲ್ಲ ಯವ್ವಾ,” ಎಂದೆ. “ಅದು ಬ್ಯಾರೆ ಗಿಡಾ ಇರಬೇಕು.”

“ಬ್ಯಾರೇದಽ ಇರಬೇಕು,” ಎಂದಳು ಅವ್ವ. ಆಮೇಲೆ ಮೊರವನ್ನು ಮತ್ತೆ ಮುಖದ ಹತ್ತಿರ ತಂದುಕೊಂಡಳು.